ಆ್ಯಪಲ್ಲಿ 90 ಅಂತಿದೆ, ಪೀಣ್ಯ ಪಕ್ಕದ ಬೀದೀಲಿ ಎಷ್ಟಿದೆ?

ನವೆಂಬರ್ ಡಿಸೆಂಬರ್ ಬಂತಂದ್ರೆ ದೆಹಲಿ ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳೋ ಸೂಚ್ಯಂಕ, ಏರಿದಷ್ಟೂ ಕೆಟ್ಟದ್ದು) 400 ದಾಟಿದ ಸ್ಕ್ರೀನ್‌ಶಾಟ್ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡೋಕೆ ಶುರುವಾಗುತ್ತೆ, ಅದರ ಕೆಳಗೇ ಯಾರೋ ಒಬ್ರು ನಮ್ಮ ಬೆಂಗಳೂರಿಂದು ಹಾಕ್ತಾರೆ, 85ಓ 90ಓ ಇರುತ್ತೆ, ತಿಳಿ ಹಸಿರು ಬಣ್ಣ, ಪಕ್ಕದಲ್ಲಿ 'ತೃಪ್ತಿಕರ' ಅಂತ. ನಾಲ್ಕು ಜನ ಕೈಮುಗಿಯೋ ಇಮೋಜಿ ಹಾಕ್ತಾರೆ, ಪುಣ್ಯ ಮಾಡಿದ್ವಿ ಕಣ್ರಪ್ಪ ಅಂತಾರೆ, ಅಲ್ಲಿಗೆ ವಿಷಯ ಮುಗೀತು. ದೆಹಲಿಗೆ ಹೋಲಿಸಿದ್ರೆ ನಮ್ಮ ಗಾಳಿ ಎಷ್ಟೋ ವಾಸಿ, ಅದರಲ್ಲಿ ಜಗಳ ಇಲ್ಲ. ಆದ್ರೆ ಆ 90 ಅನ್ನೋದು ಯಾವ ಬೀದೀದು, ಯಾವ ಹೊತ್ತಿಂದು, ಅಳೆದ ಮಿಷಿನ್ ಎಲ್ಲಿ ಕೂತಿದೆ ಅಂತ ಕೇಳಿದ್ರೆ ಗ್ರೂಪಲ್ಲಿ ಯಾರೂ ಉತ್ತರ ಕೊಡಲ್ಲ. ನಾನು ಹೇಳೋಕೆ ಹೊರಟಿರೋದು ಇಷ್ಟೇ, ನಮ್ಮಲ್ಲಿ ಗಾಳಿ ಅಳೆಯೋ ಏರ್ಪಾಡು ಇಡೀ ಊರಿನ ಸರಾಸರಿ ಹೇಳೋಕೆ ಕಟ್ಟಿದ್ದು, ಫ್ಯಾಕ್ಟರಿ ಗೋಡೆಗೆ ಅಂಟಿಕೊಂಡು ಸಂಸಾರ ಮಾಡ್ತಿರೋರ ಗಾಳಿ ಅದರಲ್ಲಿ ಕಾಣ್ಸೋದೇ ಇಲ್ಲ, ಮತ್ತೆ ಬೆಂಗಳೂರಲ್ಲಿ ಹಾಗೆ ಬದುಕ್ತಿರೋರು ಲಕ್ಷಗಟ್ಟಲೆ ಇದಾರೆ.

ಮೊದಲು ಈ ಎಕ್ಯೂಐ ಅನ್ನೋದು ಏನು ಅಂತ ನೋಡೋಣ. 2015ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಇದನ್ನ ಶುರು ಮಾಡ್ತು. ಎಂಟು ಮಾಲಿನ್ಯಕಾರಕಗಳು ಲೆಕ್ಕಕ್ಕಿವೆ, ಪಿಎಂ 10 (ಸ್ವಲ್ಪ ದಪ್ಪ ಧೂಳೂ ಸೇರಿದ ಕಣ), ಪಿಎಂ 2.5, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯಾ, ಸೀಸ. ಪ್ರತಿಯೊಂದಕ್ಕೂ ಒಂದೊಂದು ಸ್ಕೋರ್ ಹಾಕಿ ಅದರಲ್ಲಿ ಯಾವುದು ಅತಿ ಕೆಟ್ಟದೋ ಅದನ್ನೇ ಎಕ್ಯೂಐ ಅಂತ ತೋರಿಸ್ತಾರೆ. ಇಲ್ಲಿವರೆಗೂ ಸರಿಯಾಗೇ ಇದೆ. ಆದ್ರೆ ಈ ಸ್ಕೋರ್ ಬಹುಪಾಲು 24 ಗಂಟೆಯ ಸರಾಸರಿ ಮೇಲೆ ನಿಂತಿರುತ್ತೆ, ಓಝೋನ್ ಮತ್ತೆ ಕಾರ್ಬನ್ ಮೊನಾಕ್ಸೈಡ್ ಎರಡಕ್ಕೆ ಮಾತ್ರ 8 ಗಂಟೆ. ಪಿಎಂ 2.5 ಅಂದ್ರೆ ಶ್ವಾಸಕೋಶದ ಒಳಗೆ ಆಳಕ್ಕೆ ಇಳಿದು ಹೋಗೋ ಸಣ್ಣ ಕಣ, ಅದು ಘನಮೀಟರ್‌ಗೆ 60 ಮೈಕ್ರೋಗ್ರಾಂ ಇದ್ರೆ ಎಕ್ಯೂಐ ಸರಿಯಾಗಿ 100, ಅಂದ್ರೆ ಇನ್ನೂ 'ತೃಪ್ತಿಕರ'ದ ಒಳಗೇ. ಈಗ ಒಂದು ಲೆಕ್ಕ ಮಾಡಿ. ಒಂದು ಬೀದೀಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಎಂಟು ಗಂಟೆ 120 ಇತ್ತು ಅಂದ್ಕೊಳ್ಳಿ, ಮಿಕ್ಕ ಹದಿನಾರು ಗಂಟೆ 30 ಇತ್ತು ಅಂದ್ಕೊಳ್ಳಿ, ಕೂಡಿ ಭಾಗಿಸಿದ್ರೆ ಸರಿಯಾಗಿ 60 ಬರುತ್ತೆ. ಜನ ಮಲಗಿ ಉಸಿರಾಡಿದ ಅಷ್ಟೂ ಹೊತ್ತು ಗಾಳಿ ಆ 60ರ ಮಿತಿಯ ಎರಡು ಪಟ್ಟು, ಆದ್ರೆ ಆ್ಯಪಲ್ಲಿ ಹಸಿರು. ರಾತ್ರಿ 103 ಡಿಗ್ರಿ ಜ್ವರ ಬಂದ ಮಗೂನ ಡಾಕ್ಟರ್ ಹತ್ರ ಕರ್ಕೊಂಡು ಹೋದಾಗ ಅವರು ಇಡೀ ದಿನದ ಸರಾಸರಿ ತೆಗೆದು ಏನೂ ಇಲ್ಲ ಹೋಗಿ ಅಂದ್ರೆ ನಾವು ಸುಮ್ನೆ ಬರ್ತೀವಾ?

ಇದರ ಮೇಲೆ ಊರಿನ ಎಕ್ಯೂಐ ಅಂತ ದಿನಾ ಸಂಜೆ ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) ಬುಲೆಟಿನ್ ಬರುತ್ತಲ್ಲ, ಅದು ಊರಲ್ಲಿರೋ ಎಲ್ಲಾ ಸ್ಟೇಷನ್‌ಗಳ ಸರಾಸರಿ. ಅಂದ್ರೆ ಹೊತ್ತಿನ ಸರಾಸರಿ ಮೇಲೆ ಜಾಗದ ಸರಾಸರಿ. ಜಯನಗರ, ಹೆಬ್ಬಾಳ, ಹೊಂಬೇಗೌಡ ನಗರದ ನಂಬರು ಸಿಟಿ ರೈಲ್ವೆ ಸ್ಟೇಷನ್, ಕಾರ್ಖಾನೆಗಳ ಪೀಣ್ಯದ ನಂಬರಿನ ಜೊತೆ ಸೇರಿ ಒಂದು ಹಿತವಾದ ಸಂಖ್ಯೆ ಹೊರಗೆ ಬರುತ್ತೆ, ಆ ಗಾಳೀನ ಮಾತ್ರ ಊರಲ್ಲಿ ಯಾರೂ ನಿಜವಾಗ್ಲೂ ಉಸಿರಾಡ್ತಿರಲ್ಲ.

ಎರಡು ಆ್ಯಪ್ ಎರಡು ನಂಬರ್ ತೋರಿಸ್ತವೆ, ಯಾವುದನ್ನ ನಂಬೋದು ಅಂತ ತುಂಬಾ ಜನ ಕೇಳ್ತಾರೆ. ಮಿಷಿನ್ ಕೆಟ್ಟಿರಲ್ಲ, ಅಳತೆಗೋಲು ಬೇರೆ ಇರುತ್ತೆ, ಅಷ್ಟೇ. ಪಿಎಂ 2.5 ಗಾಳೀಲಿ 50 ಇದ್ರೆ ನಮ್ಮ ದೇಶದ ಲೆಕ್ಕದಲ್ಲಿ ಎಕ್ಯೂಐ ಸುಮಾರು 83, ಅಮೆರಿಕದ ಲೆಕ್ಕದಲ್ಲಿ 137ರ ಹತ್ರ. ಅಲ್ಲಿನವರಿಗೆ ಅದು ಆಸ್ತಮಾ ಇರೋರು, ಮಕ್ಕಳು, ವಯಸ್ಸಾದೋರು ಹುಷಾರಾಗಿರಬೇಕಾದ ಗಾಳಿ, ನಮಗೆ ತೃಪ್ತಿಕರ. ಗಾಳಿ ಅದೇ! ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿ ಬಿಗಿ ಮಾಡಿ ಪಿಎಂ 2.5ಗೆ ದಿನಕ್ಕೆ 15, ವರ್ಷಕ್ಕೆ 5 ಅಂತ ಇಟ್ಟಿದೆ, ನಮ್ಮದು 2009ರಿಂದ ದಿನಕ್ಕೆ 60, ವರ್ಷಕ್ಕೆ 40. ಅದಕ್ಕೇ ನನ್ನ ಸಲಹೆ, ಎಕ್ಯೂಐ ನೋಡೋದನ್ನ ಬಿಟ್ಟು ನೇರವಾಗಿ ಮೈಕ್ರೋಗ್ರಾಂ ಲೆಕ್ಕ ನೋಡಿ, ಅದೂ ಗಂಟೆ ಗಂಟೆದು. ಸಿಪಿಸಿಬಿ ವೆಬ್‌ಸೈಟಲ್ಲಿ ಅದು ಎಲ್ಲರಿಗೂ ಫ್ರೀಯಾಗೇ ಸಿಗುತ್ತೆ, ಸೈಟು ಸ್ವಲ್ಪ ತಲೆ ತಿನ್ನುತ್ತೆ, ತಾಳ್ಮೆ ಬೇಕು.

ಇನ್ನು ಮಿಷಿನ್‌ಗಳ ವಿಷಯ. ನಮ್ಮಲ್ಲಿ ಎರಡು ಜಾತಿ ಇವೆ. ಹಳೇದು ಮ್ಯಾನುಯಲ್ ಸ್ಟೇಷನ್. ಯಾವುದೋ ಸರ್ಕಾರಿ ಬಿಲ್ಡಿಂಗ್ ಅಥವಾ ಪೊಲೀಸ್ ಸ್ಟೇಷನ್ ಟೆರೇಸ್ ಮೇಲೆ ಇಳಿಜಾರು ಮಾಡು ಹಾಕಿದ ಪುಟ್ಟ ಗೂಡಿನ ಥರದ ಲೋಹದ ಡಬ್ಬಿ ಗುಂಯ್ ಅಂತ ಸದ್ದು ಮಾಡ್ತಿರೋದನ್ನ ಕೆಲವರಾದ್ರೂ ನೋಡಿರ್ತೀರ, ಅದೇ. ಒಳಗೆ ಗ್ಲಾಸ್ ಫೈಬರ್‌ನ ಬಿಳಿ ಫಿಲ್ಟರ್ ಪೇಪರ್ ಹಾಳೆ, ಬ್ಲೋವರ್ ಗಾಳೀನ ಅದರ ಮೂಲಕ ಎಳೆಯುತ್ತೆ, ದಪ್ಪ ಧೂಳು ಕೆಳಗಿರೋ ಕಪ್ಪಿಗೆ ಬೀಳುತ್ತೆ, ಸಣ್ಣದು ಹಾಳೆ ಮೇಲೆ ಕೂರುತ್ತೆ. ಎಂಟು ಗಂಟೆಗೊಂದ್ಸಲ ಒಬ್ಬರು ಮೇಲೆ ಹತ್ತಿ ಹೋಗಿ ಹಾಳೆ ಬದಲಾಯಿಸಬೇಕು. ಹಾಕುವಾಗ ಬೆಳ್ಳಗಿದ್ದಿದ್ದು ತೆಗೆಯುವಾಗ ಬೂದಿ ಬಣ್ಣಕ್ಕೆ ತಿರುಗಿರುತ್ತೆ, ಟ್ರಾಫಿಕ್ ಇರೋ ಕಡೆ ಇನ್ನೂ ಕಪ್ಪು. ಆಮೇಲೆ ಲ್ಯಾಬಿಗೆ ತಗೊಂಡು ಹೋಗಿ ತೇವ ಆರಿಸಿ ಸೂಕ್ಷ್ಮ ತಕ್ಕಡೀಲಿ ತೂಗಿ ಮೊದಲಿನ ತೂಕ ಕಳೀಬೇಕು, ಉಳಿದಿದ್ದೇ ಧೂಳು. ಪಕ್ಕದಲ್ಲೇ ಸಣ್ಣ ಗಾಜಿನ ಕೊಳವೆಗಳಲ್ಲಿ ದ್ರಾವಣ ಇಟ್ಟು ಸಲ್ಫರ್, ನೈಟ್ರೋಜನ್ ಡೈಆಕ್ಸೈಡ್ ಹಿಡೀತಾರೆ. ಮಧ್ಯೆ ಕರೆಂಟ್ ಹೋದ್ರೆ ಬ್ಲೋವರ್ ನಿಂತೋಯ್ತು. ಈ ವಿಧಾನದಲ್ಲಿ ತಪ್ಪಿಲ್ಲ, ಶುದ್ಧವಾದ ತೂಕದ ಲೆಕ್ಕ, ಆದ್ರೆ ಗಾಳಿ ಅಳೆಯೋ ರಾಷ್ಟ್ರೀಯ ಕಾರ್ಯಕ್ರಮದ ನಿಯಮ ಇರೋದೇ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ಅಂತ. ಮಿಕ್ಕ 261 ದಿನ ಆ ಟೆರೇಸ್ ಮೇಲೆ ಏನಾಯ್ತು ಅನ್ನೋದು ಯಾವ ದಾಖಲೇಲೂ ಇರಲ್ಲ.

ಹೊಸದು ಕಂಟಿನ್ಯೂಯಸ್ ಸ್ಟೇಷನ್, ಎಸಿ ಹಾಕಿದ ಸಣ್ಣ ಕೋಣೆ, ಮೇಲೆ ಪೈಪುಗಳು, ಒಳಗೆ ಸಾಲಾಗಿ ಅನಲೈಝರ್‌ಗಳು. ಇದರಲ್ಲಿ ಕಣ ಅಳೆಯೋದು ಬೀಟಾ ಕಿರಣದಿಂದ, ಉದ್ದನೆ ಪೇಪರ್ ಟೇಪ್ ಮೇಲೆ ಒಂದು ಚುಕ್ಕೆಯಷ್ಟು ಜಾಗದಲ್ಲಿ ಧೂಳು ಕೂರಿಸಿ, ಅದರ ಮೂಲಕ ಕಿರಣ ಎಷ್ಟು ಕಮ್ಮಿಯಾಗಿ ದಾಟುತ್ತೆ ಅಂತ ನೋಡಿ ತೂಕ ಹೇಳುತ್ತೆ, ಆಮೇಲೆ ಟೇಪು ಮುಂದಕ್ಕೆ ಸರಿಯುತ್ತೆ. ಹಗಲು ರಾತ್ರಿ ನಡೆಯುತ್ತೆ, ಡೇಟಾ ನೇರವಾಗಿ ಸರ್ವರ್‌ಗೆ ಹೋಗುತ್ತೆ. ಆದ್ರೆ ಒಂದು ಸ್ಟೇಷನ್‌ಗೆ ಕೋಟಿ ರೂಪಾಯಿ ಮೇಲೆ ಖರ್ಚು, ಅದರ ಮೇಲೆ ನಿರ್ವಹಣೆ ಬೇರೆ, ಹಾಗಾಗಿ ಬೀದಿಗೊಂದು ಇಡೋಕಾಗಲ್ಲ. ಬೆಂಗಳೂರು ಮತ್ತೆ ಅದರ ಅಂಚು ಸೇರಿ ಇಂಥವು ಡಜನ್‌ಗಿಂತ ಸ್ವಲ್ಪ ಜಾಸ್ತಿ ಇವೆ, ಬಿಟಿಎಂ, ಸಿಲ್ಕ್ ಬೋರ್ಡ್, ಬಾಪೂಜಿನಗರ, ಸಾಣೇಗುರುವನಹಳ್ಳಿ, ಕಾಡುಬೀಸನಹಳ್ಳಿ, ಕಸ್ತೂರಿನಗರ, ಮೈಲಸಂದ್ರ, ಜಿಗಣಿ, ಪೀಣ್ಯ, ಶಿವಪುರ ಹೀಗೆ. 700 ಚದರ ಕಿಲೋಮೀಟರ್ ಮೀರಿದ ಊರಿಗೆ ಇಷ್ಟೇ. ಸಿಪಿಸಿಬಿಯ 2003ರ ಮಾರ್ಗಸೂಚೀಲಿ ಒಂದು ಸೂತ್ರ ಇದೆ, 50 ಲಕ್ಷಕ್ಕಿಂತ ಜಾಸ್ತಿ ಜನ ಇರೋ ಊರಿಗೆ ಧೂಳು ಅಳೆಯೋ ಸ್ಟೇಷನ್ 12, ಅದರ ಮೇಲೆ ಲಕ್ಷಕ್ಕೆ 0.16ರಂತೆ ಸೇರಿಸ್ಕೊಂಡು ಹೋಗಿ ಅಂತ. ನಮ್ಮೂರಿಗೆ 1.3 ಕೋಟಿ ಅಂತ ಹಿಡಿದ್ರೆ 32 ದಾಟುತ್ತೆ, ಕೈಗಾರಿಕೆ ಜಾಸ್ತಿ ಇದ್ರೆ ಇನ್ನೂ ಕೂಡಿಸಬೇಕು. ಮ್ಯಾನುಯಲ್ ಎಲ್ಲಾ ಸೇರಿಸಿ ಲೆಕ್ಕ ಹತ್ತಿರಕ್ಕೆ ತರಬಹುದೇನೋ, ಆದ್ರೆ ರಾತ್ರಿ ಎರಡು ಗಂಟೇಲಿ ಏನಾಯ್ತು ಅಂತ ಹೇಳಬಲ್ಲ ಸ್ಟೇಷನ್ ಅದರ ಅರ್ಧದಷ್ಟೂ ಇಲ್ಲ.

ಎಲ್ಲಿ ಇಡಬೇಕು ಅನ್ನೋದಕ್ಕೂ ರೂಲ್ಸ್ ಇದೆ. ಗಾಳಿ ಎಳೆಯೋ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರಬೇಕು, ಮರದಿಂದ 20 ಮೀಟರ್ ದೂರ, ಪಕ್ಕದಲ್ಲಿ ಕುಲುಮೆ ಚಿಮಣಿ ಇರಬಾರದು, ಸುತ್ತ ಮುಕ್ಕಾಲು ಭಾಗ ಗಾಳಿಗೆ ಅಡ್ಡ ಇರಬಾರದು. ಈ ರೂಲ್ಸ್ ಹಿಂದೆ ಒಳ್ಳೆ ಕಾರಣ ಇದೆ, ಪಕ್ಕದ ಒಂದೇ ಚಿಮಣಿ ಇಡೀ ಏರಿಯಾದ ಲೆಕ್ಕ ಕೆಡಿಸಬಾರದು ಅಂತ. ಆದ್ರೆ ಹಾಗೆ ಖಾಲಿ ಜಾಗ, ಕಾಂಪೌಂಡು, ಕರೆಂಟು, ಕಾವಲು ಎಲ್ಲಾ ಇರೋ ಜಾಗ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ ಹೇಳಿ, ಆಸ್ಪತ್ರೆ, ಕಾಲೇಜು, ಸರ್ಕಾರಿ ಕ್ಯಾಂಪಸ್, ಅಲ್ಲೇ. ಹೀಗಾಗಿ ರೂಲ್ಸ್ ಪಾಲಿಸಿದಷ್ಟೂ ಸ್ಟೇಷನ್ ಒತ್ತಾದ ಬೀದಿಯಿಂದ ದೂರ ಹೋಗುತ್ತೆ, ಇದರಲ್ಲಿ ಯಾರ ಮೋಸಾನೂ ಇಲ್ಲ, ಆದ್ರೂ ಫಲಿತಾಂಶ ಒಂದು ಕಡೆಗೇ ವಾಲುತ್ತೆ.

ಈಗ ಪೀಣ್ಯಕ್ಕೆ ಬರೋಣ. 1994ರ ಮಾನದಂಡದಲ್ಲಿ ಕೈಗಾರಿಕಾ ಪ್ರದೇಶಕ್ಕೊಂದು ಮಿತಿ, ವಸತಿ ಪ್ರದೇಶಕ್ಕೊಂದು ಮಿತಿ ಇತ್ತು. ಪಿಎಂ 10 ವರ್ಷದ ಸರಾಸರಿ ವಸತಿ ಕಡೆ 60, ಕೈಗಾರಿಕೆ ಕಡೆ 120. ಅಂದ್ರೆ ಕಾರ್ಖಾನೆ ಪಕ್ಕ ಇರೋನ ಶ್ವಾಸಕೋಶ ಎರಡು ಪಟ್ಟು ತಡ್ಕೊಳ್ಳುತ್ತೆ ಅಂತ ಕಾನೂನೇ ಒಪ್ಕೊಂಡಿತ್ತು! 2009ರ ನವೆಂಬರ್‌ನಲ್ಲಿ ಬಂದ ಹೊಸ ಮಾನದಂಡ ಈ ಭೇದ ತೆಗೆದು ಹಾಕ್ತು, ಕೈಗಾರಿಕೆ, ವಸತಿ, ಗ್ರಾಮೀಣ ಎಲ್ಲಾ ಒಂದೇ, ಪರಿಸರ ಸೂಕ್ಷ್ಮ ಪ್ರದೇಶಕ್ಕೆ ಮಾತ್ರ ಕೆಲವಕ್ಕೆ ಇನ್ನೂ ಬಿಗಿ. ಇದು ದೊಡ್ಡ ಬದಲಾವಣೆ, ಆದ್ರೆ ಇದರ ಬಗ್ಗೆ ಮಾತಾಡಿದೋರು ಕಮ್ಮಿ. ಕಾಗದದ ಮೇಲೆ ಪೀಣ್ಯ ಎರಡನೇ ಹಂತಕ್ಕೂ ಜಯನಗರ ಐದನೇ ಬ್ಲಾಕಿಗೂ ಈಗ ಒಂದೇ ಹಕ್ಕು. ಆದ್ರೆ ಜನರ ತಲೇಲಿ, ಆಫೀಸುಗಳ ತಲೇಲೂ ಇನ್ನೂ ಹಳೇದೇ ಓಡ್ತಿದೆ, ಅದು ಇಂಡಸ್ಟ್ರಿಯಲ್ ಏರಿಯಾ ಸಾರ್, ಅಲ್ಲಿ ಸ್ವಲ್ಪ ಹೊಗೆ ಇದ್ದೇ ಇರುತ್ತೆ ಅಂತ ಸಲೀಸಾಗಿ ಹೇಳಿಬಿಡ್ತಾರೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಸಿಪಿಸಿಬಿ ದೇಶದ 88 ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ಕೊಟ್ಟಾಗ ಮಂಗಳೂರು, ಭದ್ರಾವತಿ ಅತಿ ಗಂಭೀರ ಅನ್ನೋ ಪಟ್ಟೀಲಿ ಬಂದ್ವು, ರಾಯಚೂರು, ಬೀದರ್ ಜೊತೆ ಪೀಣ್ಯ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಂತಿತ್ತು.

ಪೀಣ್ಯ ಅಂದ್ರೆ ದೊಡ್ಡ ದೊಡ್ಡ ಚಿಮಣಿ ಕಲ್ಪಿಸ್ಕೋಬೇಡಿ. ಅಲ್ಲಿರೋದು ಸಾವಿರಾರು ಸಣ್ಣ ಯೂನಿಟ್‌ಗಳು, ಪೌಡರ್ ಕೋಟಿಂಗ್, ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್, ಎರಕ ಹೊಯ್ಯೋರು, ಲೇತು, ಪ್ರೆಸ್ಸು. ಅದಕ್ಕೆ ಅಂಟಿಕೊಂಡೇ ರಾಜಗೋಪಾಲನಗರ, ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ. ಅಲ್ಲಿನ ಎಷ್ಟೋ ಬೀದೀಲಿ ಗ್ರೌಂಡ್ ಫ್ಲೋರಲ್ಲಿ ವರ್ಕ್‌ಶಾಪ್, ಮೇಲಿನ ಎರಡು ಫ್ಲೋರಲ್ಲಿ ಬಾಡಿಗೆ ಮನೆ, ಶೆಡ್ಡಿನ ಎಕ್ಸಾಸ್ಟ್ ಫ್ಯಾನ್ ಮೊದಲ ಮಹಡಿ ಕಿಟಕಿಗೆ ಮುಖ ಮಾಡಿ ತಿರುಗ್ತಿರುತ್ತೆ. ಇದನ್ನ ವಸತಿ ಪ್ರದೇಶ ಅಂತೀರೋ ಕೈಗಾರಿಕಾ ಪ್ರದೇಶ ಅಂತೀರೋ? ಅಳೆಯೋ ವ್ಯವಸ್ಥೆಗೆ ಈ ಮಧ್ಯದ ಜಾಗಾನೇ ಗೊತ್ತಿಲ್ಲ. ಈ ಕಡೆ ಬೊಮ್ಮಸಂದ್ರ, ಹೆಬ್ಬಗೋಡಿ, ಜಿಗಣಿ, ಆ ಕಡೆ ಮಹದೇವಪುರ, ಅಲ್ಲೂ ಕಥೆ ಹೀಗೇ, ಸ್ವಲ್ಪ ಹೆಚ್ಚು ಕಮ್ಮಿ.

ಕಾರ್ಖಾನೆ ಚಿಮಣೀಗೇ ಮಿಷಿನ್ ಕೂರಿಸಿ ಆನ್‌ಲೈನಲ್ಲಿ ನೋಡ್ತಾರಲ್ಲ ಅಂತ ನೀವು ಕೇಳಬಹುದು. ಹೌದು, 2014ರಲ್ಲಿ ಸಿಪಿಸಿಬಿ ಆ ಆದೇಶ ಕೊಟ್ಟಿದ್ದು, ಆದ್ರೆ ಅದು ಮುಖ್ಯವಾಗಿ ಅತಿ ಹೆಚ್ಚು ಮಾಲಿನ್ಯ ಮಾಡೋ 17 ವರ್ಗಗಳಿಗೆ, ಸಿಮೆಂಟು, ಉಷ್ಣ ವಿದ್ಯುತ್, ಉಕ್ಕು, ಸಕ್ಕರೆ, ಡಿಸ್ಟಿಲರಿ ಥರದೋರಿಗೆ. ಪೀಣ್ಯದ ಸಣ್ಣ ಓವನ್, ಸಣ್ಣ ಬಾಯ್ಲರ್ ಅದರಲ್ಲಿ ಬರಲ್ಲ. ಅವರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್, ಅಂದ್ರೆ ಅನುಮತಿ, ಇರುತ್ತೆ, ತಪಾಸಣೆ ಆಗಾಗ, ಅದೂ ಸಾಮಾನ್ಯವಾಗಿ ಆಫೀಸ್ ಹೊತ್ತಲ್ಲಿ. ರಾತ್ರಿ ಏನು ಉರೀತಿದೆ, ರಬ್ಬರೋ ಪ್ಲಾಸ್ಟಿಕ್ಕೋ ಹಳೇ ವೈರೋ, ಅಲ್ಲಿ ಮಲಗಿರೋರ ಮೂಗಿಗೆ ಮಾತ್ರ ಗೊತ್ತು. ಒಂದೊಂದು ಯೂನಿಟ್ ನೋಡಿದ್ರೆ ಏನೂ ಇಲ್ಲ ಅನ್ಸುತ್ತೆ, ಪಾಪ ಇಪ್ಪತ್ತು ಜನಕ್ಕೆ ಕೆಲಸ ಕೊಟ್ಟಿರೋ ಸಣ್ಣ ಮಾಲೀಕ, ಆದ್ರೆ ನೂರಾರು ಸೇರಿದಾಗ ಲೆಕ್ಕ ಬೇರೆ.

ರಾತ್ರಿ ಅಂತ ಪದೇ ಪದೇ ಯಾಕೆ ಹೇಳ್ತಿದೀನಿ ಅಂದ್ರೆ, ಚಳಿಗಾಲದಲ್ಲಿ ಸಂಜೆ ಆದ್ಮೇಲೆ ನೆಲ ಬೇಗ ತಣ್ಣಗಾಗುತ್ತೆ, ನೆಲಕ್ಕೆ ತಾಗಿದ ಗಾಳೀನೂ ತಣ್ಣಗಾಗಿ ಭಾರವಾಗಿ ಕೆಳಗೇ ಕೂರುತ್ತೆ, ಮೇಲೆ ಬೆಚ್ಚಗಿನ ಪದರ ಮುಚ್ಚಿಕೊಳ್ಳುತ್ತೆ, ಹೊಗೆ ಮೇಲಕ್ಕೆ ಹೋಗೋ ದಾರಿ ಬಂದ್. ಬೆಳಗ್ಗೆ ಬಿಸಿಲು ಏರೋವರೆಗೂ ಹಾಗೇ. ಹಗಲು ಊರೊಳಗೆ ಬಿಡದ ಲಾರಿಗಳು ತುಮಕೂರು ರೋಡಲ್ಲಿ ನುಗ್ಗೋದೂ ಅದೇ ಹೊತ್ತಲ್ಲಿ, ಕಸಕ್ಕೆ ಬೆಂಕಿ ಬೀಳೋದೂ ಅದೇ ಹೊತ್ತಲ್ಲಿ. ಮತ್ತೆ ಚಳಿಗಾಲದ ಗಾಳಿ ಬೀಸೋದು ಪೂರ್ವ, ಈಶಾನ್ಯದ ಕಡೆಯಿಂದ, ಅಂದ್ರೆ ಪೀಣ್ಯದ ಹೊಗೆ ಹೋಗೋದು ನೈರುತ್ಯಕ್ಕೆ, ಹೆಗ್ಗನಹಳ್ಳಿ ಸುಂಕದಕಟ್ಟೆ ದಿಕ್ಕಿಗೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಜೋರಾಗಿ ಬೀಸಿ ಎಲ್ಲಾ ತೊಳೆದು ಹಾಕುತ್ತೆ, ಆ ನಾಲ್ಕು ತಿಂಗಳ ಪುಣ್ಯಕ್ಕೇ ನಮ್ಮ ವರ್ಷದ ಸರಾಸರಿ ಚೆನ್ನಾಗಿ ಕಾಣ್ಸುತ್ತೆ.

ಇದೆಲ್ಲಾ ಬರೀ ಅಂಕಿ ಆಟ ಅಲ್ವಾ ಅನ್ನೋರಿಗೆ ಒಂದು ಹಳೇ ಮಾತು. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟು ತೋರಿಸಿದ್ರು, 1979ರಲ್ಲಿ ಶೇಕಡ 9 ಇದ್ದ ಆಸ್ತಮಾ 1999ಕ್ಕೆ ಶೇಕಡ 29.5 ಆಗಿತ್ತು. ಆಸ್ತಮಾಗೆ ಕಾರಣ ಗಾಳಿ ಒಂದೇ ಅಲ್ಲ, ಅದು ನಿಜ. ಆದ್ರೆ ಆ ಲೆಕ್ಕ ಬಂದಾಗ ಪಿಎಂ 2.5ಗೆ ನಮ್ಮ ದೇಶದಲ್ಲಿ ಮಾನದಂಡಾನೇ ಇರ್ಲಿಲ್ಲ, ಅದು ಬಂದಿದ್ದು 2009ರಲ್ಲಿ.

ಸರ್ಕಾರಿ ಸ್ಟೇಷನ್ ಸಾಲಲ್ಲ ಅಂತ ಈಗ ಎಷ್ಟೋ ಅಪಾರ್ಟ್‌ಮೆಂಟುಗಳು, ಸಂಘಟನೆಗಳು ಸಣ್ಣ ಸೆನ್ಸರ್ ಹಾಕ್ಕೋತಿವೆ, ಬಿಡಿ ಭಾಗ ತಂದು ಜೋಡಿಸಿದ್ರೆ ಕೆಲವು ಸಾವಿರಕ್ಕೇ ಆಗುತ್ತೆ. ಒಳಗೊಂದು ಪುಟ್ಟ ಲೇಸರ್, ಕಣ ಅಡ್ಡ ಬಂದಾಗ ಚದುರೋ ಬೆಳಕು ನೋಡಿ ಇಷ್ಟಿರಬಹುದು ಅಂತ ಅಂದಾಜು ಮಾಡುತ್ತೆ, ತೂಗಲ್ಲ. ಹಾಗಾಗಿ ಮಂಜು ಬಿದ್ದ ಬೆಳಗ್ಗೆ ತೇವ ಹೀರಿ ಉಬ್ಬಿದ ಕಣಾನ ದೊಡ್ಡ ಕಣ ಅಂತ ತಿಳ್ಕೊಂಡು ನಂಬರ್ ಏರಿಸಿಬಿಡುತ್ತೆ. ಇದನ್ನೇ ಹಿಡ್ಕೊಂಡು ಅಧಿಕಾರಿಗಳು ಅದೆಲ್ಲಾ ಆಟದ ಸಾಮಾನು ಅಂತ ತಳ್ಳಿ ಹಾಕ್ತಾರೆ, ನನಗೆ ಅದು ಸರಿ ಅನ್ಸಲ್ಲ. ಅಂಥ ಸೆನ್ಸರನ್ನ ಸರ್ಕಾರಿ ಬೀಟಾ ಮಿಷಿನ್ ಪಕ್ಕದಲ್ಲೇ ಕೆಲವು ವಾರ ಓಡಿಸಿ ಎಷ್ಟು ತಪ್ಪು ತೋರಿಸುತ್ತೆ ಅಂತ ತಿದ್ದುಪಡಿ ಹಾಕಿದ್ರೆ ಸಾಕಷ್ಟು ನಂಬೋ ಹಾಗೆ ಆಗುತ್ತೆ. ಒಂದು ಕೋಟಿಯ ಸ್ಟೇಷನ್ ಹೇಳದ ಒಂದು ಮಾತು ಇವು ಹೇಳ್ತವೆ, ಯಾವ ಬೀದೀಲಿ, ಎಷ್ಟು ಗಂಟೆಗೆ ಏರ್ತು ಅಂತ. ಏರಿದ್ದು 110ಓ 135ಓ ಅನ್ನೋದು ಆಮೇಲಿನ ಮಾತು.

ದುಡ್ಡು ಎಲ್ಲಿ ಹೋಗ್ತಿದೆ ಅನ್ನೋದೂ ಅಳತೆಗೇ ಕಟ್ಟು ಬಿದ್ದಿದೆ. 2019ರ ಜನವರೀಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಬಂತು, ಮಾನದಂಡ ಮುಟ್ಟದ ಊರುಗಳ ಪಟ್ಟೀಲಿ ನಮ್ಮ ರಾಜ್ಯದ್ದು ನಾಲ್ಕು, ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಗುರಿ ಮುಟ್ಟಿದ್ರಾ ಅಂತ ನೋಡೋದು ಪಿಎಂ 10 ಲೆಕ್ಕದಲ್ಲಿ. ಪಿಎಂ 10ರಲ್ಲಿ ರಸ್ತೆ ಧೂಳಿನ ಪಾಲು ದೊಡ್ಡದು, ಹಾಗಾಗಿ ಗುಡಿಸೋ ಮಿಷಿನ್ ತಗೊಂಡು, ಫುಟ್‌ಪಾತ್ ಹಾಕಿ, ನೀರು ಚಿಮುಕಿಸಿದ್ರೆ ನಂಬರ್ ಇಳಿಯುತ್ತೆ. ದೆಹಲಿಯ ಪರಿಸರ ಸಂಶೋಧನಾ ಸಂಸ್ಥೆ ಸಿಎಸ್‌ಇ 2024ರಲ್ಲಿ ದೇಶದ ಮಟ್ಟದಲ್ಲಿ ಲೆಕ್ಕ ತೆಗೆದಾಗ ಈ ಕಾರ್ಯಕ್ರಮದ ಹಣದಲ್ಲಿ ಶೇಕಡ 64 ರಸ್ತೆ ಧೂಳಿಗೇ ಹೋಗಿತ್ತು, ಕೈಗಾರಿಕೆ ಮಾಲಿನ್ಯಕ್ಕೆ ಖರ್ಚಾಗಿದ್ದು ಶೇಕಡ 0.61. ಪೂರ್ತಿ ಒಂದು ಪರ್ಸೆಂಟೂ ಇಲ್ಲ! ಬೆಂಗಳೂರಿನ ಪಿಎಂ 10 ಎಲ್ಲಿಂದ ಬರುತ್ತೆ ಅಂತ ಟೆರಿ ಅನ್ನೋ ಇಂಧನ-ಪರಿಸರ ಸಂಶೋಧನಾ ಸಂಸ್ಥೆ 2010ರಲ್ಲಿ ಹೇಳಿದ್ದು ಹೀಗೆ, ವಾಹನ ಶೇಕಡ 42, ರಸ್ತೆ ಧೂಳು 20, ಕಟ್ಟಡ ಕೆಲಸ 14, ಕೈಗಾರಿಕೆ 14, ಡೀಸೆಲ್ ಜನರೇಟರ್ 7. ಹಳೇ ಲೆಕ್ಕ, ಈಗ ಬದಲಾಗಿರುತ್ತೆ, ಆದ್ರೂ ಆ 14ನ್ನ 0.61ರ ಪಕ್ಕ ಇಟ್ಟು ನೋಡಿ. ರಸ್ತೆ ಗುಡಿಸೋದು ತಪ್ಪಲ್ಲ ಮಾರಾಯ್ರೇ, ಗುಡಿಸ್ಲಿ, ಆದ್ರೆ ಚಿಮಣಿ ಹೊಗೆ ಪೊರಕೆಗೆ ಸಿಗಲ್ಲ.

ಹಾಗಾದ್ರೆ ಏನು ಮಾಡಬೇಕು? ಕೋಟಿ ರೂಪಾಯಿಯ ಸ್ಟೇಷನ್ ಇನ್ನೂ ಹತ್ತು ಸಾಲಾಗಿ ನಿಲ್ಲಿಸಿ ಅಂತ ನಾನು ಹೇಳಲ್ಲ. ಇರೋ ಸ್ಟೇಷನ್‌ಗಳನ್ನ ತೂಕದ ಬಟ್ಟು ಮಾಡ್ಕೊಂಡು ಪೀಣ್ಯ, ಜಿಗಣಿ, ಮಹದೇವಪುರದ ಅಂಚಿನ ಬೀದಿಗಳಲ್ಲಿ, ಅಂದ್ರೆ ಎಲ್ಲಿ ಫ್ಯಾಕ್ಟರಿ ಮುಗಿದು ಮನೆ ಶುರುವಾಗುತ್ತೋ ಆ ಗಡೀಲಿ, ತಿದ್ದುಪಡಿ ಹಾಕಿದ ಸಣ್ಣ ಸೆನ್ಸರ್‌ಗಳನ್ನ ಚಳಿಗಾಲ ಪೂರ್ತಿ ಓಡಿಸಿ, ಜೊತೆಗೆ ಗಾಳಿ ದಿಕ್ಕು ಬರೆಯೋ ಒಂದು ಉಪಕರಣ. ಆ ಡೇಟಾ ಎಲ್ಲರಿಗೂ ಸಿಗಲಿ, ದಿನದ ಸರಾಸರಿ ಮಾಡದೆ ಗಂಟೆಗಂಟೆದು ಹಾಗೇ. ಮೂರು ರಾತ್ರಿ ಸತತವಾಗಿ ಒಂದೇ ಹೊತ್ತಿಗೆ ಒಂದೇ ದಿಕ್ಕಿಂದ ಏರಿದ್ರೆ ನಾಲ್ಕನೇ ರಾತ್ರಿ ಇನ್‌ಸ್ಪೆಕ್ಷನ್ ಅಂತ ಮಂಡಳಿ ನಿಯಮ ಮಾಡ್ಲಿ, ಯೂನಿಟ್‌ನ ಕನ್ಸೆಂಟ್ ರಿನ್ಯೂ ಮಾಡುವಾಗ ಆ ದಾಖಲೇನ ಫೈಲಲ್ಲಿ ಇಡ್ಲಿ. ಈಗ ಊರು ಐದು ಪಾಲಿಕೆ ಆಗಿದೆಯಲ್ಲ, ಐದಕ್ಕೂ ಬೇರೆ ಬೇರೆ ನಂಬರ್ ಪ್ರಕಟಿಸೋದು ಕಷ್ಟ ಏನಿಲ್ಲ, ಪೀಣ್ಯ ಇರೋ ಪಾಲಿಕೆ ಜಯನಗರದ ಹಸಿರಿನ ಹಿಂದೆ ಅಡಗಿಕೊಳ್ಳೋದಾದ್ರೂ ತಪ್ಪುತ್ತೆ.

ಅಲ್ಲೀವರೆಗೆ ಆ ಬೀದಿಗಳಲ್ಲಿ ಇರೋರು ಮಾಡಬಹುದಾದ ಒಂದು ಕೆಲಸ ಇದೆ. ದೂರು ಕೊಡುವಾಗ ಹೊಗೆ ಬರ್ತಿದೆ ಸಾರ್ ಅಂತ ಬರೆದ್ರೆ ಅದು ಯಾವ ಟೇಬಲ್ ಮೇಲೂ ನಿಲ್ಲಲ್ಲ. ತಾರೀಖು, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಗಾಳಿ ಯಾವ ಕಡೆಯಿಂದ ಬೀಸ್ತಿತ್ತು, ವಾಸನೆ ಎಂಥದ್ದು, ಸುಟ್ಟ ರಬ್ಬರಿಂದೋ ಥಿನ್ನರಿಂದೋ ಆ್ಯಸಿಡ್ಡಿಂದೋ, ಅಂತ ಎರಡು ವಾರ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ, ನಾಲ್ಕು ಮನೆಯೋರು ಬೇರೆ ಬೇರೆಯಾಗಿ ಬರ್ಕೊಂಡ್ರೆ ಇನ್ನೂ ಒಳ್ಳೇದು, ಹತ್ತಿರದ ಸ್ಟೇಷನ್‌ನ ಅದೇ ಗಂಟೆಗಳ ಪಿಎಂ 2.5 ಸಿಪಿಸಿಬಿ ಸೈಟಿಂದ ಇಳಿಸಿ ಪಕ್ಕದಲ್ಲಿ ಹಾಕಿ, ಆಮೇಲೆ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಬನ್ನಿ. ತಪಾಸಣೆಗೆ ಹಗಲು ಹನ್ನೊಂದಕ್ಕೆ ಬಂದು ಏನೂ ಕಾಣ್ಸಲಿಲ್ಲ ಅಂತ ರಿಪೋರ್ಟ್ ಬರೆದ್ರೆ, ನಾವು ಬರೆದಿದ್ದು ರಾತ್ರಿ ಎರಡು ಗಂಟೆ ವಿಷಯ ಅಂತ ಆ ಸೀಲ್ ಬಿದ್ದ ಕಾಪಿ ತೋರಿಸಿ ಮತ್ತೆ ಕೇಳಬಹುದು.